ರಾಕ್ ಅಂದ್ರೆ ಬಂಡೆ ಅಲ್ವಾ?

ಬಳ್ಳಾರಿಯವರ ಮುಂದೆ ರಾಕ್ ಅಂದರೆ ನಾವು ಮೊದಲು ತಲೆ ಎತ್ತಿ ಗುಡ್ಡ ನೋಡುತ್ತೇವೆ. ಊರೊಳಗೇ ಎರಡು ಬಂಡೆ ಗುಡ್ಡ ಕೂತಿವೆ. ಒಂದರ ನೆತ್ತಿಯ ಮೇಲೆ ಕೋಟೆ. ಇನ್ನೊಂದು, ಒಂದು ಕಡೆಯಿಂದ ನೋಡಿದರೆ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಏಪ್ರಿಲ್ ಬಂತೆಂದರೆ ಎರಡೂ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಉಗುಳುತ್ತವೆ. ಹೀಗಿರುವಾಗ ಲಂಡನ್ನಿನಲ್ಲಿರುವ ಮಗಳು ಫೋನ್ ಮಾಡಿ, ‘ಅಪ್ಪಾ, ನೀವು ಬಂದಾಗ ರಾಕ್ ವಾಕ್ ಹೋಗೋಣ, ಬುಕ್ ಮಾಡಿದೀನಿ. ಮೂರು ಗಂಟೆ ನಡೀಬೇಕು, ಒಳ್ಳೆ ಶೂ ತಗೊಂಬಾ’ ಅಂದಳು. ನನಗೆ ಏನು ಅರ್ಥ ಆಗಿರಬಹುದು, ನೀವೇ ಹೇಳಿ.

ಬಂಡೆ ಹತ್ತಲು ಬೇಕಾದ್ದೆಲ್ಲ ಸೂಟ್‌ಕೇಸಿಗೆ ಸೇರಿತು. ಟೋಪಿ, ನೀರಿನ ಬಾಟಲಿ, ಮೊಣಕಾಲಿಗೆ ಕಟ್ಟುವ ಪಟ್ಟಿ. ರಿಟೈರ್ ಆದ ದಿನ ಆಫೀಸಿನವರು ಕೊಟ್ಟಿದ್ದ ವಾಕಿಂಗ್ ಶೂ ಅಟ್ಟದಿಂದ ಇಳಿಯಿತು. ಆರು ವರ್ಷ ಡಬ್ಬಿ ಬಿಟ್ಟು ಆಚೆ ಬಂದಿರದ ಹೊಚ್ಚ ಹೊಸ ಶೂ. ಹೊಸದು ಅಂತ ನಾನು ತಿಳಿದಿದ್ದೆ. ಆರು ಬೇಸಿಗೆ ಅಟ್ಟದ ಮೇಲೆ ಬೆಂದಿದ್ದ ಅದರ ಅಂಟಿನ ಲೆಕ್ಕ ಬೇರೆ ಇತ್ತು. ನಮ್ಮವಳು ದಾರಿಗೆ ಇರಲಿ ಅಂತ ಒಂದು ದೊಡ್ಡ ಚೀಲ ಖಾರ ಮಂಡಕ್ಕಿ ಮಾಡಿಕೊಂಡಳು. ಗುಡ್ಡ ಹತ್ತಿದ ಮೇಲೆ ಹಸಿವಾಗುತ್ತದಲ್ಲ.

ಲಂಡನ್ನಿನಲ್ಲಿ ಗುಡ್ಡ ಬರಲೇ ಇಲ್ಲ. ಬಂದದ್ದು ಒಂದು ಗಲ್ಲಿ, ಡೆನ್ಮಾರ್ಕ್ ಸ್ಟ್ರೀಟ್ ಅಂತ. ಗಿಟಾರ್ ಅಂಗಡಿಗಳಿಗೆ ಹೆಸರಾದ ಬೀದಿ. ಬಿಳಿ ಜುಟ್ಟು ಕಟ್ಟಿದ್ದ ಗೈಡ್ ಒಬ್ಬ ಕೊಡೆ ಎತ್ತಿ ಹಿಡಿದು, ನಮ್ಮ ಕಡೆ ಮುಖ ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಮಾತಾಡುತ್ತಿದ್ದ. ಯಾವ ಕಂಬಕ್ಕೂ ತಾಗುತ್ತಿರಲಿಲ್ಲ. ನನಗೆ ಆ ಮೂರು ಗಂಟೆಯಲ್ಲಿ ತುಂಬಾ ಹಿಡಿಸಿದ್ದು ಅವನ ಆ ನಡಿಗೆಯೇ. ನಾಲ್ಕನೇ ನಂಬರಿನ ಮನೆ ಮುಂದೆ ನಿಂತು, ಇಲ್ಲಿದ್ದ ಸ್ಟುಡಿಯೋದಲ್ಲೇ 1964ರಲ್ಲಿ ರೋಲಿಂಗ್ ಸ್ಟೋನ್ಸ್ ತಮ್ಮ ಮೊದಲ ಆಲ್ಬಂ ರೆಕಾರ್ಡ್ ಮಾಡಿದರು ಅಂದ.

‘ಸ್ಟೋನ್ಸ್ ಅಂದನಲ್ರೀ, ಅಂತೂ ಕಲ್ಲು ಬಂತು’ ಅಂದಳು ನಮ್ಮವಳು.

ಅಲ್ಲಿ ಮಗಳಿಗೆ ವಿಷಯ ಹೊಳೆಯಿತು. ಅವಳು ನಗುವುದು ಮುಗಿದು, ರಾಕ್ ಅಂದರೆ ಗಿಟಾರು, ಡ್ರಮ್ಮು, ಉದ್ದ ಕೂದಲು ಅಂತ ನಮಗೆ ತಿಳಿಸಿ ಹೇಳುವ ಹೊತ್ತಿಗೆ ಗುಂಪು ವಾರ್ಡರ್ ಸ್ಟ್ರೀಟಿಗೆ ಹೋಗಿಯಾಗಿತ್ತು. ಅಲ್ಲಿ 90ನೇ ನಂಬರಿನಲ್ಲಿ 1964ರಿಂದ 1988ರವರೆಗೆ ಮಾರ್ಕ್ವೀ ಅನ್ನುವ ಕ್ಲಬ್ ಇತ್ತಂತೆ. ಇತ್ತಂತೆ. ಈ ಪ್ರವಾಸದ ವ್ಯಾಕರಣವೇ ಇಷ್ಟು. ಇಲ್ಲಿ ಅವರು ಇದ್ದರಂತೆ, ಅಲ್ಲಿ ಅವರು ಹಾಡಿದರಂತೆ. ನಾವು ನೋಡಿದ್ದು ಬಾಗಿಲುಗಳನ್ನು. ಮುಚ್ಚಿದ ಬಾಗಿಲು, ಬಣ್ಣ ಬದಲಾದ ಬಾಗಿಲು, ಬೇರೆ ಅಂಗಡಿಯ ಬಾಗಿಲು. ತಲೆಗೆ ಇಷ್ಟು ಪೌಂಡ್ ಅಂತ ಕೊಟ್ಟು ಬಾಗಿಲು ನೋಡುತ್ತಿದ್ದೇವಲ್ಲ ಅಂತ ನಾನು ಮನಸ್ಸಿನಲ್ಲೇ ಅದನ್ನು ರೂಪಾಯಿಗೆ ಗುಣಿಸಿದೆ. ಗುಣಿಸಬಾರದಿತ್ತು. ಆಮೇಲೆ ಪ್ರತಿ ಬಾಗಿಲಿಗೂ ಎಷ್ಟು ಬಿತ್ತು ಅಂತ ಭಾಗಿಸಲು ಶುರುವಾಯಿತು.

ಸವಿಲ್ ರೋನಲ್ಲಿ ಬಾಗಿಲು ಬಿಟ್ಟು ಮಹಡಿ ನೋಡಿದೆವು. 1969ರ ಜನವರಿ 30ರಂದು ಬೀಟಲ್ಸ್ ತಂಡದವರು ಮೂರನೇ ನಂಬರಿನ ಕಟ್ಟಡದ ತಾರಸಿ ಹತ್ತಿ, ಆ ಚಳಿಯಲ್ಲಿ ಸುಮಾರು 42 ನಿಮಿಷ ಹಾಡಿದರು. ಗಲಾಟೆ ಜಾಸ್ತಿ ಆಯಿತು ಅಂತ ಪೊಲೀಸರು ಬಂದರು. ಜನರ ಮುಂದೆ ಆ ನಾಲ್ವರೂ ಒಟ್ಟಿಗೆ ಹಾಡಿದ್ದು ಅದೇ ಕೊನೆ. ಇದನ್ನು ಕೇಳುತ್ತಾ ನಾವೆಲ್ಲ ಕತ್ತೆತ್ತಿ ನಿಂತಿದ್ದೆವು. ನಾನು ಬೇರೆ ಬೆರಳು ತೋರಿಸಿಕೊಂಡು ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಮೇಲೆ ನೋಡಿದರು. ಅವರನ್ನು ನೋಡಿ ಇನ್ನೂ ನಾಲ್ವರು ನಿಂತರು.

‘ಮೇಲೆ ಯಾರಿದಾರ‍್ರೀ?’ ಅಂದಳು ನಮ್ಮವಳು.

‘ಈಗ ಯಾರೂ ಇಲ್ಲ.’

‘ಮತ್ಯಾಕೆ ನೋಡ್ತಿದೀವಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಡಕ್ಕಿ ಚೀಲ ಬಿಚ್ಚಿದೆವು.

ಬ್ರೂಕ್ ಸ್ಟ್ರೀಟಿನಲ್ಲಿ ನಾನು ಒಂದು ಪ್ರಶ್ನೆ ಕೇಳಿ ಮಗಳ ಮಾನ ತೆಗೆದೆ. 25ನೇ ನಂಬರಿನಲ್ಲಿ ಹ್ಯಾಂಡೆಲ್ ಅನ್ನುವ ದೊಡ್ಡ ಸಂಗೀತಗಾರ ಇದ್ದ. ಅದಕ್ಕೆ ಅಂಟಿಕೊಂಡ 23ರ ಮೇಲ್ಮಹಡಿಯಲ್ಲಿ ಗಿಟಾರಿನ ಜಿಮಿ ಹೆಂಡ್ರಿಕ್ಸ್ ಇದ್ದ. ನಡುವೆ ಒಂದೇ ಗೋಡೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡು ಖಾರ ಕುಟ್ಟುವ ಮಿಶಿನ್ ಇದೆ. ಹಾಗಾಗಿ ಕಳಕಳಿಯಿಂದಲೇ ಕೇಳಿದೆ, ಆ ಹೆಂಡ್ರಿಕ್ಸ್ ಗಲಾಟೆಗೆ ಪಾಪ ಪಕ್ಕದ ಮನೆಯವರು ಏನೂ ಅನ್ನಲಿಲ್ಲವಾ ಅಂತ. ಗೈಡ್ ನಡೆಯುವುದನ್ನು ನಿಲ್ಲಿಸಿದ. ಹ್ಯಾಂಡೆಲ್ ಆ ಮನೆಗೆ ಬಂದದ್ದು 1723ರಲ್ಲಿ, ಹೆಂಡ್ರಿಕ್ಸ್ ಬಂದದ್ದು 1968ರಲ್ಲಿ ಅಂದ. ನಡುವೆ ಇನ್ನೂರ ನಲವತ್ತೈದು ವರ್ಷ. ಆಮೇಲಿಂದ ಅವನು ನನ್ನನ್ನು ವಿಶೇಷವಾಗಿ ಮಾತಾಡಿಸತೊಡಗಿದ. ಯಾವ ಊರು ಅಂತ ಕೇಳಿದ. ಬಳ್ಳಾರಿ ಅಂದರೆ ಗೊತ್ತಾಗಲಿಲ್ಲ, ಹಂಪಿ ಹತ್ತಿರ ಅಂದರೆ ಗೊತ್ತಾಯಿತು. ಹಂಪಿ ಈಗ ನಮ್ಮ ಜಿಲ್ಲೆಯಲ್ಲಿಲ್ಲ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತು. ಇದನ್ನೆಲ್ಲ ಲಂಡನ್ನಿನ ಬೀದಿಯಲ್ಲಿ ನಿಂತು ಬಿಡಿಸಿ ಹೇಳುವುದು ಯಾಕೆ ಅಂತ ಹಂಪಿಯನ್ನು ನಾನೇ ಇಟ್ಟುಕೊಂಡೆ. ‘ನೀವು ಹಾಕಿರೋ ಜೀನ್ಸ್ ಇದೆಯಲ್ಲ, ಅಂಥದ್ದು ನಮ್ಮೂರಲ್ಲಿ ಗಲ್ಲಿ ಗಲ್ಲಿಯಲ್ಲಿ ಹೊಲೀತಾರೆ’ ಅಂತಲೂ ಸೇರಿಸಿದೆ. ರಾಕ್ ಸ್ಟಾರುಗಳ ಯೂನಿಫಾರಂ ಹೊಲಿಯುವ ಊರು, ಅಷ್ಟಾದರೂ ಮರ್ಯಾದೆ ಬೇಡವಾ?

ಕೊನೆಗೆ ರೈಲು ಹತ್ತಿ ಅಬೇ ರೋಡಿಗೆ ಹೋದೆವು. ಅಲ್ಲಿ ನೋಡುವುದು ಒಂದು ಜೀಬ್ರಾ ಪಟ್ಟಿ. ಹೌದು, ರಸ್ತೆ ದಾಟುವ ಕಪ್ಪು ಬಿಳಿ ಪಟ್ಟಿಯೇ. 1969ರ ಆಗಸ್ಟ್ 8ರಂದು ಬೀಟಲ್ಸ್ ನಾಲ್ವರೂ ತಮ್ಮ ಆಲ್ಬಂನ ಮುಖಪುಟದ ಫೋಟೋಕ್ಕೆ ಸಾಲಾಗಿ ಇದನ್ನು ದಾಟಿದರು. ಫೋಟೋದವನು ರಸ್ತೆ ನಡುವೆ ಏಣಿ ಹತ್ತಿ ನಿಂತು ಆರೇ ಆರು ಫೋಟೋ ತೆಗೆದ. ಪೊಲೀಸಿನವರೊಬ್ಬರು ಅಷ್ಟು ಹೊತ್ತು ಗಾಡಿ ತಡೆದರು. 2010ರಲ್ಲಿ ಸರ್ಕಾರ ಈ ಪಟ್ಟಿಯನ್ನು ಸಂರಕ್ಷಿತ ಸ್ಥಳಗಳ ಯಾದಿಗೆ ಸೇರಿಸಿತು. ನಮ್ಮ ರಾಯಲ್ ಸರ್ಕಲ್ಲಿನ ಪಟ್ಟಿ ನೆನಪಾಯಿತು. ನಾವು ಅದನ್ನು ದಾಟುವುದು ಪಟ್ಟಿಯ ನಂಬಿಕೆಯ ಮೇಲಲ್ಲ, ದುರ್ಗಮ್ಮನ ನಂಬಿಕೆಯ ಮೇಲೆ.

ನಮ್ಮ ಸರದಿ ಬಂತು. ಮಗಳು, ಅಳಿಯ, ನಾನು, ನಮ್ಮವಳು. ನಾನು ಮೂರನೆಯವನು. ಅಭ್ಯಾಸ ಬಲ, ಬರುವ ಕಾರಿಗೆ ಕೈ ಅಡ್ಡ ಹಿಡಿದು ಓಡಲು ಹೋದೆ. ಆ ಕಾರು ಆಗಲೇ ನಿಂತಿತ್ತು. ನಿಂತ ಕಾರು ನೋಡಿ ಗಾಬರಿಯಾಗಿ ನಾನೂ ನಿಂತೆ. ಆಗ ಬಲಗಾಲಿನ ಶೂ ಅಟ್ಟೆ, ಮುಂದಿನಿಂದ ಹಿಂದಿನವರೆಗೆ, ಬಿಸಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಎದ್ದುಬಂತು. ಎರಡು ಹೆಜ್ಜೆ ಚಪಾಕ್ ಚಪಾಕ್ ಅಂತ ಎಳೆದೆ. ಎಡಗಾಲಿನದೂ ಬಾಯಿ ಬಿಟ್ಟಿತು. ಇನ್ನೇನು ಮಾಡುವುದು? ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದು, ಸಾಕ್ಸನ್ನೂ ಕಿತ್ತು ಜೇಬಿಗೆ ಹಾಕಿ, ಬರಿಗಾಲಲ್ಲಿ ದಾಟಿದೆ.

ಫುಟ್‌ಪಾತಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು! ಆ ಜುಟ್ಟಿನ ಗೈಡ್ ಓಡಿ ಬಂದು ಕೈ ಕುಲುಕಿದ. ಆಮೇಲೆ ಅಳಿಯ ಹೇಳಿದ ಮೇಲೆ ಗೊತ್ತಾಯಿತು. ಆ ಮುಖಪುಟದ ಫೋಟೋದಲ್ಲಿ ಮೂರನೆಯವನು ಪಾಲ್ ಮೆಕಾರ್ಟ್ನಿ, ಅವನು ಬರಿಗಾಲಲ್ಲಿದ್ದಾನೆ. ಇತಿಹಾಸ ಓದಿಕೊಂಡು ಬಂದ ಅಭಿಮಾನಿ ಅಂತ ಅವರೆಲ್ಲ ತಿಳಿದರು. ನಾನೂ ತಿದ್ದಲು ಹೋಗಲಿಲ್ಲ.

ಊರಿಗೆ ಬಂದು ಬೆಳಗಿನ ವಾಕಿಂಗ್ ಗುಂಪಿನಲ್ಲಿ ಇದನ್ನು ಹದಿನೈದು ದಿನ ಹೇಳಿದೆ. ಹದಿನಾರನೇ ದಿನ ನಮ್ಮ ಗುಂಪಿನ ಹಿಸ್ಟರಿ ಮೇಷ್ಟ್ರು ತಡೆದುಕೊಳ್ಳಲಾರದೆ ಕೇಳಿದರು.

‘ಅಲ್ರೀ, ಲಂಡನ್ನಿಗೆ ಹೋಗಿ ಐವತ್ತು ವರ್ಷದ ಹಿಂದಿನ ರಾಕ್ ಮ್ಯೂಸಿಕ್ ನೋಡಿ ಬಂದ್ರಿ. ಇಲ್ಲೇ ಸಂಗನಕಲ್ಲಿನ ಹಿರೇಗುಡ್ಡದ ಕಲ್ಲು ಬಾರಿಸಿ ನೋಡಿದೀರೇನು?’

ನೋಡಿರಲಿಲ್ಲ. ಊರಿಂದ ಎಂಟು ಕಿಲೋಮೀಟರು. ಹುಟ್ಟಿದ್ದು ಇಲ್ಲೇ, ರಿಟೈರ್ ಆದದ್ದೂ ಇಲ್ಲೇ. ಸಂಗನಕಲ್ಲು, ಕಪ್ಪಗಲ್ಲು ಅಂತ ಬಸ್ಸಿನ ಬೋರ್ಡ್ ಓದಿದ್ದೇನೆ ಅಷ್ಟೆ. ಮೇಷ್ಟ್ರು ಹೇಳಿದರು. ಆ ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಇದ್ದರು, ಕಲ್ಲಿನ ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಎತ್ತಿನ ಚಿತ್ರ ಕೊರೆದಿದ್ದಾರೆ. ಕೆಲವು ಕಲ್ಲು ಹೊಡೆದರೆ ಗಂಟೆಯ ಹಾಗೆ ನಾದ ಬರುತ್ತದೆ. 1892ರಲ್ಲೇ ಫಾಸೆಟ್ ಅನ್ನುವವನು ಬರೆದಿಟ್ಟಿದ್ದಾನೆ. ಆಮೇಲೆ ನೂರು ವರ್ಷ ಹೆಚ್ಚುಕಮ್ಮಿ ಎಲ್ಲರೂ ಮರೆತರು. 2004ರಲ್ಲಿ ನಿಕೋಲ್ ಬೊಯ್ವಿನ್ ಅನ್ನುವ ಸಂಶೋಧಕಿ ಬರೆದ ಲೇಖನ ಬಂದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಆ ಲೇಖನದ ಹೆಸರಲ್ಲೇ ರಾಕ್ ಮ್ಯೂಸಿಕ್ ಅಂತ ಇದೆಯಂತೆ. ಜಗತ್ತಿಗೆಲ್ಲ ಅಂದರೆ, ನನ್ನನ್ನು ಬಿಟ್ಟು.

ಅಂದೇ ರಾತ್ರಿ ವಾಟ್ಸಾಪಿನಲ್ಲಿ ಹಾಕಿದೆ. ‘ಭಾನುವಾರ ಬೆಳಿಗ್ಗೆ 6ಕ್ಕೆ ಬಳ್ಳಾರಿ ರಾಕ್ ಮ್ಯೂಸಿಕ್ ವಾಕ್. ಗೈಡ್: ನಾನೇ. ಫೀಸು ಇಲ್ಲ.’

ಕೋಟೆ ಗುಡ್ಡದ ಕೆಳಗೆ ಒಂಬತ್ತು ಜನ ಸೇರಿದರು. ಆರು ಜನ ನಮ್ಮ ವಾಕಿಂಗಿನವರು. ಉಳಿದ ಮೂವರು ಕಾಲೇಜು ಹುಡುಗರು, ಯಾರದೋ ಫಾರ್ವರ್ಡ್ ನೋಡಿ ಬಂದವರು. ಒಬ್ಬನ ಬೆನ್ನಿಗೆ ಗಿಟಾರ್. ನನಗೆ ನನ್ನ ಮಂಡಕ್ಕಿ ಚೀಲ ನೆನಪಾಗಿ ಅವನ ಮೇಲೆ ಕನಿಕರ ಹುಟ್ಟಿತು, ಆದರೆ ಬಾಯಿ ಬಿಡಲಿಲ್ಲ.

ಕೊಡೆ ಎತ್ತಿ ಹಿಡಿದೆ. ಲಂಡನ್ನಿನವನ ಹಾಗೆಯೇ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಶುರು ಮಾಡಿದೆ. ಇಪ್ಪತ್ತು ಹೆಜ್ಜೆ ಚೆನ್ನಾಗಿಯೇ ಹೋಯಿತು. ಇಪ್ಪತ್ತೊಂದನೆಯದಕ್ಕೆ ಬೆನ್ನಿಗೆ ಏನೋ ಮೆತ್ತಗೆ, ಬೆಚ್ಚಗೆ ತಾಗಿತು. ಎಮ್ಮೆ. ಅದು ಜಾಗ ಬಿಡಲಿಲ್ಲ. ಸುಮ್ನೆ ಕತ್ತು ತಿರುಗಿಸಿ, ಕೊಡೆ ನೋಡಿ, ನನ್ನನ್ನು ನೋಡಿ, ಮತ್ತೆ ಮೆಲುಕು ಹಾಕತೊಡಗಿತು. ಅಲ್ಲಿಂದ ನಾನು ಮುಂದಕ್ಕೇ ನಡೆದೆ.

ಊರೊಳಗೆ ಒಂದಾದರೂ ಬಾಗಿಲು ತೋರಿಸಬೇಕಲ್ಲ. ನಾವು ಹುಡುಗರಾಗಿದ್ದಾಗ ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಮೂಲೆಗೆ ಕರೆದುಕೊಂಡು ಹೋದೆ. ನಮಗೆ ರಾಕ್ ಅಂದರೆ ಅದೇ ಆಗಿತ್ತು. ಹೆಣ್ಣು ದನಿಯಲ್ಲೂ ಗಂಡು ದನಿಯಲ್ಲೂ ಒಬ್ಬನೇ ಹಾಡುತ್ತಿದ್ದ ಒಬ್ಬ ಗಾಯಕ, ಕರೆಂಟ್ ಹೋದರೂ ನಿಲ್ಲಿಸದ ಒಬ್ಬ ಡ್ರಮ್ಮಿನವನು. ಆ ಗಾಯಕನಿಗೆ ಒಮ್ಮೆ ನನ್ನ ಬೆಲ್‌ಬಾಟಮ್ ಕೊಟ್ಟಿದ್ದೆ, ವಾಪಸ್ ಬಂದಿಲ್ಲ. ‘ಇಲ್ಲಿ ಸ್ಟೇಜು ಇತ್ತು’ ಅಂತ ಕೊಡೆ ತೋರಿಸಿ ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿದೆ. ಎಲ್ಲರೂ ಒಂದು ಮೊಬೈಲ್ ಅಂಗಡಿಯ ಶಟರನ್ನೇ ನೋಡುತ್ತಾ ನಿಂತೆವು. ಶಟರ್ ಮೇಲೆ ಹೋಯಿತು. ಅಂಗಡಿಯವನು, ‘ಇಷ್ಟು ಬೇಗನಾ? ರೀಚಾರ್ಜಾ ಸಾರ್?’ ಅಂದ.

ಆಟೋ ಮಾಡಿಕೊಂಡು ಸಂಗನಕಲ್ಲಿಗೆ ಹೋದೆವು. ಗುಡ್ಡ ಹತ್ತುವಾಗ ಏಳೂವರೆ, ಬಿಸಿಲು ಆಗಲೇ ಹನ್ನೊಂದು ಗಂಟೆಯದು. ಸಾದಾ ಬಂಡೆಗಳ ನಡುವೆ ಕಪ್ಪು ಕಲ್ಲಿನದೊಂದು ಪಟ್ಟಿ ಗುಡ್ಡದ ಉದ್ದಕ್ಕೂ ಹಾಯ್ದಿದೆ. ಡಾಲರೈಟ್ ಅಂದರು ಮೇಷ್ಟ್ರು. ಕೊಡಲಿ ಮಾಡಿದ್ದೂ ಇದರಲ್ಲೇ, ಚಿತ್ರ ಕೊರೆದದ್ದೂ ಇದರ ಮೇಲೇ. ಉದ್ದ ಕೊಂಬಿನ, ಡುಬ್ಬದ ಎತ್ತುಗಳು ಒಂದರ ಪಕ್ಕ ಒಂದು. ಕೆಲವು ಎಂಥ ಜಾಗದಲ್ಲಿವೆ ಅಂದರೆ, ಕೊರೆದವನು ಮೇಲಿನಿಂದ ಜೋತುಬಿದ್ದೇ ಕೊರೆದಿರಬೇಕು. ನಮಗೆ ನಿಂತು ನೋಡಲೇ ಕಾಲು ನಡುಗುತ್ತಿತ್ತು.

ಇನ್ನು ಸಂಗೀತ. ಒಂದು ಗುಂಡುಕಲ್ಲು ಹಿಡಿದು ಹತ್ತಿರದ ಬಂಡೆಗೆ ಮೆಲ್ಲಗೆ ಹೊಡೆದೆ. ಠಕ್. ಪಕ್ಕದ್ದಕ್ಕೆ ಹೊಡೆದೆ. ಠಕ್. ಎಲ್ಲರೂ ಒಂದೊಂದು ಕಲ್ಲು ಹಿಡಿದು ಶುರು ಮಾಡಿದರು. ಠಕ್, ಠಕ್, ಠಕ್. ‘ಚಿತ್ರ ಇರೋದನ್ನ ಮುಟ್ಟಬ್ಯಾಡ್ರೋ!’ ಅಂತ ಮೇಷ್ಟ್ರು ಪರೀಕ್ಷೆ ಹಾಲಿನಲ್ಲಿದ್ದ ಹಾಗೆ ಹಿಂದೆ ಹಿಂದೆ ಓಡಾಡಿದರು. ಮುಕ್ಕಾಲು ಗಂಟೆ ಆಯಿತು. ಗಿಟಾರ್ ಹುಡುಗ ಜಾಲಿ ಗಿಡದ ಅರೆ ನೆರಳಿನಲ್ಲಿ ಕೂತು, ‘ಅಂಕಲ್, ಬ್ಯಾಂಡ್ ಎಷ್ಟೊತ್ತಿಗೆ ಬರುತ್ತೆ?’ ಅಂತ ಕೇಳಿದ.

ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು. ಹತ್ತಿರ ಬಂದು, ‘ಏನು ಕಳಕೊಂಡೀರಿ?’ ಅಂದರು.

ಹೇಳಿದೆವು. ‘ಅದಾ?’ ಅಂದು ಅಜ್ಜ ಹತ್ತು ಮಾರು ಮೇಲೆ ಹೋಗಿ, ಒಂದು ಕಪ್ಪು ಕಲ್ಲಿನ ಮುಂದೆ ನಿಂತರು. ಅದರ ಮೈಮೇಲೆ ಬಟ್ಟಲಿನಂಥ ನುಣುಪು ತಗ್ಗುಗಳು. ಬಾರಿಸಿ ಬಾರಿಸಿಯೇ ಸವೆದ ತಗ್ಗು. ಅಜ್ಜ ಅಂಗೈಯಗಲದ ಕಲ್ಲಿನಿಂದ ಆ ತಗ್ಗಿಗೇ ಒಂದು ಪೆಟ್ಟು ಕೊಟ್ಟರು.

ಠಣ್ಣ್ಣ್…

ಕಲ್ಲಿನ ಸದ್ದಲ್ಲ ಅದು. ಶಾಲೆಯಲ್ಲಿ ತೂಗುಹಾಕುತ್ತಿದ್ದ ಕಬ್ಬಿಣದ ಗಂಟೆಯ ಸದ್ದು. ಹೊಡೆದ ಮೇಲೂ ಒಂದು ಗಳಿಗೆ ಗಾಳಿಯಲ್ಲಿ ಉಳಿಯಿತು. ಕುರಿಗಳು ತಲೆ ಎತ್ತಲಿಲ್ಲ, ಅವುಗಳಿಗೆ ರೂಢಿ. ನಾವು ಹತ್ತೂ ಜನ ಬಾಯಿ ಮುಚ್ಚಿ ನಿಂತೆವು. ಗಟ್ಟಿ ಕಲ್ಲು, ಅಡಿಯಲ್ಲಿ ಎರಡು ಮೂರು ಕಡೆ ಮಾತ್ರ ಊರಿಕೊಂಡು ಬಿಡುವಾಗಿ ಕೂತಿದ್ದರೆ ಹೀಗೆ ನುಡಿಯುತ್ತದೆ, ಮಣ್ಣಲ್ಲಿ ಹೂತರೆ ಠಕ್ ಅನ್ನುತ್ತದೆ ಅಂದರು ಮೇಷ್ಟ್ರು. ಗಿಟಾರ್ ಹುಡುಗ ಎದ್ದು ಬಂದು, ಕಿವಿ ಕಲ್ಲಿಗೆ ಹತ್ತಿರ ಹಿಡಿದು, ತಂತಿ ತಿರುಪಿ ತಿರುಪಿ ಅದೇ ಸ್ವರಕ್ಕೆ ತಂದ. ಅಜ್ಜ ಕಲ್ಲು ಬಾರಿಸಿದರು, ಅವನು ತಂತಿ ಮೀಟಿದ. ಸುಮಾರು ಹತ್ತು ನಿಮಿಷ. ಪೊಲೀಸರು ಯಾರೂ ಬರಲಿಲ್ಲ.

ಇಳಿಯುವಾಗ ಹತ್ತು ಗಂಟೆ. ಬಂಡೆಗಳು ಹೆಂಚಾಗಿದ್ದವು. ಅರ್ಧ ಗುಡ್ಡದಲ್ಲಿ ಬಲಗಾಲಿನಿಂದ ಪರಿಚಿತ ಸದ್ದು ಬಂತು. ಚಪಾಕ್. ಲಂಡನ್ನಿನಿಂದ ಹೊತ್ತು ತಂದು, ಕೌಲ್ ಬಜಾರಿನಲ್ಲಿ ಅಂಟು ಹಾಕಿಸಿದ್ದ ಅದೇ ಶೂ. ಎರಡು ಹೆಜ್ಜೆಗೆ ಎಡಗಾಲಿನದೂ ಹೋಯಿತು. ಅಬೇ ರೋಡ್ ನೆನಪಿಸಿಕೊಂಡು, ಗತ್ತಿನಿಂದ ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದು ಪಾದ ಊರಿದೆ.

ಪಾಲ್ ಮೆಕಾರ್ಟ್ನಿ ದಾಟಿದ್ದು ಲಂಡನ್ನಿನ ಡಾಂಬರು. ಬಳ್ಳಾರಿಯ ಬಂಡೆ ಬೇರೆ. ಅಲ್ಲಿಂದ ಕೆಳಗಿನವರೆಗೆ ನಾನು ಇಳಿದದ್ದಕ್ಕೆ ನಡಿಗೆ ಅನ್ನುವ ಹಾಗಿರಲಿಲ್ಲ. ಒಂದು ಕಾಲು ನೆಲದಲ್ಲಿ, ಒಂದು ಗಾಳಿಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಶೂ, ಬಾಯಲ್ಲಿ ‘ಅಯ್ಯಪ್ಪೋ, ಅಯ್ಯಮ್ಮೋ’. ಹುಡುಗರು ವಿಡಿಯೋ ಮಾಡಿದರು. ಹಿಂದೆ ಗಿಟಾರಿನವನು ಅದಕ್ಕೆ ಸರಿಯಾಗಿ ತಾಳ ಬೇರೆ ಹಾಕಿದ. ಊಟದ ಹೊತ್ತಿಗೆ ವಿಡಿಯೋ ಊರೆಲ್ಲ ಸುತ್ತಿ ಲಂಡನ್ ಮುಟ್ಟಿತ್ತು.

ಮಗಳ ಮೆಸೇಜ್ ಬಂತು. ಗುಡ್ಡದ ಬಗ್ಗೆ ಇಲ್ಲ, ಶಿಲಾಯುಗದ ಬಗ್ಗೆ ಇಲ್ಲ. ‘ಅಪ್ಪಾ, ಆ ಶೂ ಏರ್‌ಪೋರ್ಟಿನ ಕಸದ ಡಬ್ಬಿಗೆ ಹಾಕಿದೆ ಅಂದಿದ್ಯಲ್ಲಾ?’