ಅದೇ, ಪು. 12

ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ನಾನು ಬರೆದ ಕಿರು ಸಂಶೋಧನಾ ಪ್ರಬಂಧವನ್ನು ನಂಬುವುದಾದರೆ, ನಮ್ಮ ಅಜ್ಜಿ ಹಾಡಿದ ಬೀಸೋ ಪದವೊಂದು, ಅಂದರೆ ಬೀಸುವ ಕಲ್ಲಿನ ಮುಂದೆ ಕೂತು ಹೇಳೋ ಹಾಡೊಂದು, ರಾಗಿ ಬೆಳೆಯ ಕೈಪಿಡಿಯೊಂದರ 12ನೇ ಪುಟದಲ್ಲಿದೆ. ದಯವಿಟ್ಟು ಹುಡುಕಲು ಹೋಗಬೇಡಿ. ಆ ಪುಟದಲ್ಲಿರುವುದು ಎಕರೆಗೆ ಎಷ್ಟು ಕೊಟ್ಟಿಗೆ ಗೊಬ್ಬರ ಹಾಕಬೇಕು ಅನ್ನೋ ಲೆಕ್ಕ.

ಇದಕ್ಕೆಲ್ಲ ಕಾರಣ "ಅದೇ" ಅನ್ನೋ ಎರಡಕ್ಷರ. ಕನ್ನಡ ಪ್ರಬಂಧಗಳ ಅಡಿಟಿಪ್ಪಣಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಪುಸ್ತಕದ ಹೆಸರನ್ನು ಒಮ್ಮೆ ಪೂರ್ತಿ ಬರೆದರೆ ಸಾಕು, ಮುಂದಿನ ಟಿಪ್ಪಣಿಯೂ ಅದೇ ಪುಸ್ತಕದ್ದಾದರೆ "ಅದೇ, ಪು. 12" ಅಂತ ಹಾಕಿ ಕೈತೊಳೆದುಕೊಳ್ಳಬಹುದು. ನಡುವೆ ಬೇರೆ ಪುಸ್ತಕ ನುಗ್ಗಿದ್ದರೆ "ಪೂರ್ವೋಕ್ತ" ಅನ್ನಬೇಕು. ಪೂರ್ವೋಕ್ತ ಅಂತ ಟೈಪ್ ಮಾಡಲು ನನಗೆ ಸೋಮಾರಿತನ. ಹಾಗಾಗಿ ಟಿಪ್ಪಣಿಗಳನ್ನೆಲ್ಲ ಒಂದೇ ಪುಸ್ತಕದವು ಒಂದೇ ಕಡೆ ಬರುವ ಹಾಗೆ ಜೋಡಿಸಿ, ಒಂದು ಪುಟದಲ್ಲಿ ಆರು "ಅದೇ" ಸಾಲಾಗಿ ನಿಂತಿದ್ದನ್ನು ನೋಡಿ ಖುಷಿಪಟ್ಟಿದ್ದೆ.

ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ಗೈಡ್ ಫೋನ್ ಮಾಡಿ, "ಮೂರನೇ ಅಧ್ಯಾಯದಲ್ಲಿ ರಾಗಿ ಬೇಸಾಯದ ಬಗ್ಗೆ ಒಂದು ಪ್ಯಾರಾ ಸೇರಿಸಿಬಿಡಪ್ಪ, ಬರೀ ಬೀಸೋ ಪದಗಳಾದವು" ಅಂದರು. ಸೇರಿಸಿದೆ. ಅದಕ್ಕೆ ಆ ಕೈಪಿಡಿಯ ಹೆಸರಿನ ಒಂದು ಟಿಪ್ಪಣಿಯನ್ನೂ ಹಾಕಿದೆ. ಅಂಕಿಗಳೆಲ್ಲ ತಾವಾಗಿಯೇ ಒಂದೊಂದು ಮುಂದೆ ಸರಿದವು, ಕಂಪ್ಯೂಟರ್ ಎಷ್ಟು ಜಾಣ ಅಲ್ವಾ ಅಂದುಕೊಂಡು ಮಲಗಿದೆ. ಆದರೆ "ಅದೇ"ಗೆ ಜಾಣತನವೂ ಇಲ್ಲ, ನೆನಪೂ ಇಲ್ಲ. ತನ್ನ ಮೇಲೆ ಯಾರು ಕೂತಿದ್ದಾರೋ ಅವರನ್ನೇ ಅಪ್ಪ ಅನ್ನುತ್ತದೆ. ಅಲ್ಲಿಯವರೆಗೆ ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ಕಿನ 12ನೇ ಪುಟವಾಗಿದ್ದದ್ದು ರಾತ್ರಿ ಹನ್ನೊಂದೂವರೆಯ ನಂತರ ಗೊಬ್ಬರದ 12ನೇ ಪುಟವಾಯಿತು.

ಅದು ಹೊರಗೆ ಬಂದದ್ದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ. ಅದಕ್ಕೆ ಮುಂಚೆ ಆಗಿದ್ದನ್ನು ಹೇಳಬೇಕು.

ಪೀಠಿಕೆಯಲ್ಲಿ ದೊಡ್ಡವರ ಹೆಸರುಗಳು ಇರಲೇಬೇಕು ಅನ್ನೋದು ನಮ್ಮಲ್ಲಿ ಯಾರೂ ಬರೆದಿಡದ ನಿಯಮ. ಬೀಸೋ ಪದಕ್ಕೆ ಸಂಬಂಧ ಇರಲಿ ಬಿಡಲಿ, ನಾನೂ ಸಾಲಾಗಿ ಹಾಕಿದ್ದೆ. ಗ್ರಂಥಸೂಚಿ ಎಪಿಎ (ಅಮೆರಿಕದ ಮನಶ್ಶಾಸ್ತ್ರ ಸಂಘದ) ಪದ್ಧತಿಯಲ್ಲಿರಲಿ ಅಂತ ಗೈಡ್ ಒಂದು ಜೆರಾಕ್ಸ್ ಕೊಟ್ಟರು, ಅದು ಜೆರಾಕ್ಸಿನ ಜೆರಾಕ್ಸ್. ಮೊದಲು ಮನೆತನದ ಹೆಸರು, ಕಾಮಾ, ಆಮೇಲೆ ಇನಿಷಿಯಲ್, ಆಮೇಲೆ ವರ್ಷ. ಬೇಂದ್ರೆ, ಕಾರಂತರಿಂದ ಏನೂ ತೊಂದರೆ ಆಗಲಿಲ್ಲ. ಅವರು ಮನೆತನದ ಹೆಸರನ್ನು ಕೊನೆಗೆ ಇಟ್ಟುಕೊಂಡೇ ಬಂದವರು. ತೊಂದರೆ ನಮ್ಮ ಕಡೆಯವರದ್ದು. ನಮಗೆ ಊರಿದೆ, ಅಪ್ಪನ ಹೆಸರಿದೆ, ನಮ್ಮದೊಂದು ಹೆಸರಿದೆ, ಮನೆತನದ ಹೆಸರೊಂದು ಬಿಟ್ಟು ಎಲ್ಲ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ನನ್ನ ಪಟ್ಟಿಯಲ್ಲಿ "ಅಯ್ಯಂಗಾರ್, ಎಂ. ವಿ." ಆಗಿ ಅಕಾರದ ಮೊದಲ ಸಾಲಿಗೆ ಬಂದು ಕೂತರು. ಬಿ.ಎಂ.ಶ್ರೀ, ತೀ.ನಂ.ಶ್ರೀ ಇಬ್ಬರೂ "ಶ್ರೀಕಂಠಯ್ಯ" ಆಗಿ ಒಬ್ಬರ ಕೆಳಗೊಬ್ಬರು ಅಣ್ಣತಮ್ಮಂದಿರ ಹಾಗೆ ನಿಂತರು. ಕುವೆಂಪು "ಪುಟ್ಟಪ್ಪ, ಕೆ. ವಿ." ಆದರು. ಇವರು ಯಾರೋ ನಮ್ಮ ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು ಅನ್ನಿಸಿತು ನನಗೇ.

ಇನ್ನು ಪ್ರಕಟವಾದ ಊರು. ಗೈಡ್ ಕೊಟ್ಟ ಹಾಳೆಯ ಪ್ರಕಾರ ಊರು ಇರಬೇಕು. ನೆಟ್ಟಿನಲ್ಲಿ ನೋಡಿದರೆ 2019ರಲ್ಲಿ ಬಂದ ಎಪಿಎ ಕೈಪಿಡಿಯ ಏಳನೇ ಆವೃತ್ತಿಯಲ್ಲಿ ಊರು ಬೇಡ ಅಂದಿದ್ದಾರೆ. ಕೂತು ಎಪ್ಪತ್ತು ಪುಸ್ತಕಗಳಿಂದ ಮೈಸೂರು, ಧಾರವಾಡ, ಬೆಂಗಳೂರು ಎಲ್ಲ ಕಿತ್ತೆ. ಗೈಡ್ ನೋಡಿ, "ಇವೆಲ್ಲ ಎಲ್ಲಿ ಅಚ್ಚಾದವು, ಆಕಾಶದಲ್ಲಾ?" ಅಂದರು. ಎಪ್ಪತ್ತಕ್ಕೂ ಮತ್ತೆ ಊರು ಸೇರಿಸಿದೆ. ಎರಡು ಧಾರವಾಡ ಮೈಸೂರಿಗೆ ಹೋದವು ಅಂತ ಕಾಣುತ್ತೆ, ಯಾರೂ ಕೇಳಲಿಲ್ಲ.

ಆಮೇಲೆ ಕೃತಿಚೌರ್ಯದ ಪರೀಕ್ಷೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಮಾಡಿದ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 40ರವರೆಗೆ ಹೋದರೆ ತಿದ್ದಿ ಕೊಡಬೇಕು. 60ರವರೆಗಾದರೆ ತಿದ್ದಿದ್ದನ್ನು ಕೊಡೋಕೂ ಒಂದು ವರ್ಷ ಬಿಡಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಹೆದರಿಕೊಂಡೇ ಲೈಬ್ರರಿಗೆ ಹೋದೆ. ನನ್ನದು ಬಂದದ್ದು ಸೊನ್ನೆ. ನಾನು ಹಿಗ್ಗಿದೆ. ಲೈಬ್ರರಿಯನ್ ಮೇಡಂ ಮಾತ್ರ ಕನ್ನಡಕದ ಮೇಲಿಂದ ನೋಡಿ, "ಸೊನ್ನೆ ಯಾರಿಗೂ ಬರಲ್ಲ ಕಣಪ್ಪ. ನುಡಿಯಲ್ಲಿ ಟೈಪ್ ಮಾಡಿದ್ದೀಯಾ?" ಅಂದರು. ಹೌದು, ಹಳೇ ನುಡಿ ಫಾಂಟು, ಡಿಟಿಪಿ ಅಂಗಡಿಯವರಿಗೆ ಅದೇ ಬೇಕಿತ್ತು. ಅದರಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ ತಲೆ ಮೇಲೆ ಕೊಂಬು, ಬಾಲದಲ್ಲಿ ಕೊಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಸಾಫ್ಟ್‌ವೇರು ನೂರಾ ಇಪ್ಪತ್ತು ಪುಟ ಓದಿ, ಇಂಥದ್ದನ್ನು ಈ ಜಗತ್ತಿನಲ್ಲಿ ಯಾರೂ ಬರೆದಿಲ್ಲ ಅಂತ ತೀರ್ಪು ಕೊಟ್ಟಿತ್ತು. ಒಂದು ಲೆಕ್ಕದಲ್ಲಿ ಸರಿಯೇ.

ಕಂಪ್ಯೂಟರಿಗೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸಿ ಹಾಕಿದರೆ ಶೇ. 34.

ಕಣ್ಣು ಕತ್ತಲೆ ಬಂತು. ಮೊದಲ ಕೆಂಪು ಗೆರೆ "ರಾಗಿ ತಿಂದವ ನಿರೋಗಿ" ಅನ್ನೋ ಗಾದೆಯ ಮೇಲೆ. ಇದಕ್ಕೆ ಆಧಾರ ಕೊಡಬೇಕಾ ಅಂತ ಗೈಡನ್ನು ಕೇಳಿದೆ. "ಇದನ್ನು ಹೇಳಿದ್ದು ಯಾರು?" ಅಂದರು. "ಎಲ್ಲರೂ ಸರ್" ಅಂದೆ. ಸುಮ್ನೆ ನನ್ನನ್ನೇ ನೋಡಿದರು. ಅಸಲಿಗೆ ಹೆಚ್ಚಿನ ಹೋಲಿಕೆ ಇದ್ದದ್ದು ಗ್ರಂಥಸೂಚಿಯಲ್ಲಿ. ಅದನ್ನು ಲೆಕ್ಕದಿಂದ ಬಿಡಬೇಕು ಅಂತ ನಿಯಮವೇ ಇದೆ, ಸಾಫ್ಟ್‌ವೇರಿಗೆ ಹಾಗೆ ಹೇಳೋದು ಮರೆತುಹೋಗಿತ್ತು. ಅದನ್ನು ಬಿಟ್ಟ ಮೇಲೆ 13ಕ್ಕೆ ಇಳಿಯಿತು. ಉಳಿದ ಮೂರಕ್ಕೆ ಒಂದು ವಾರ ಕೂತೆ. ಆಕಸ್ಮಿಕವಾಗಿ ಸತತ 14 ಪದಗಳವರೆಗೆ ಹೊಂದಿಕೆಯಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತಲೂ ಆ ನಿಯಮದಲ್ಲಿದೆ. ಇದನ್ನು ಬರೆದವರು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರಬೇಕು. ನಮ್ಮಲ್ಲಿ "ಹಾಡಿಕೊಳ್ಳುತ್ತಿದ್ದರಂತಲ್ಲವೇ" ಅನ್ನೋದು ಒಂದೇ ಪದ. ಇಂಥ 14 ಪದ ಸಿಕ್ಕರೆ ಕನ್ನಡದಲ್ಲಿ ಒಂದು ಸಂಸಾರದ ಕಥೆ ಮುಗಿಸಬಹುದು.

ಅಂತೂ 9ಕ್ಕೆ ಬಂತು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಗ್ರಂಥಸೂಚಿ ತೆಗೆದು ಮಕಾರದಲ್ಲಿ ಬೆರಳಾಡಿಸಿ, "ಮಾಸ್ತಿಯವರನ್ನು ಓದಿಲ್ವೇನಪ್ಪ?" ಅಂದರು. ಅಕಾರದಲ್ಲಿದ್ದಾರೆ ಸರ್ ಅಂತ ತೋರಿಸಿದೆ. ಅವರ ಮುಖ ಸ್ವಲ್ಪ ಬಾಡಿತು. ಆಮೇಲೆ 43ನೇ ಪುಟ ತೆಗೆದರು.

"ಈ ಬೀಸೋ ಪದ ರಾಗಿ ಬೆಳೆಯ ಕೈಪಿಡಿಯಲ್ಲಿ ಇದೆಯಾ?"

"ಇಲ್ಲ ಸರ್. ಅದೇ ಸರ್…"

"ಅದೇ ಅಂದರೆ?"

"ಅದೇ ತಪ್ಪಾಗಿದೆ ಸರ್."

"ಯಾವುದು?"

"ಅದೇ, ಸರ್."

ಗೈಡ್ ಕಿಟಕಿ ಕಡೆ ತಿರುಗಿಕೊಂಡರು. ಪರೀಕ್ಷಕರು ನಗುವುದಕ್ಕೆ ಒಂದು ಗುಟುಕು ಕಾಫಿಯಷ್ಟು ಹೊತ್ತು ತೆಗೆದುಕೊಂಡರು, ಆಮೇಲೆ ಬಿದ್ದೂ ಬಿದ್ದೂ ನಕ್ಕರು. ಮತ್ತೊಂದು ಪದ ಹೇಳಿಸಿದರು, ನಂಬರು ಕೊಟ್ಟರು. ಒಂದು ತಿದ್ದುಪಡಿ ಹಾಳೆ ಅಂಟಿಸಿಕೊಂಡು ಬಾ ಅಂದರು, ಅಷ್ಟೇ.

ಒಂದು ಪ್ರತಿ ತಗೊಂಡು ಊರಿಗೆ ಹೋದೆ. ಅಜ್ಜಿಗೆ ಮೊದಲೇ ಮಾತು ಕೊಟ್ಟಿದ್ದೆ, ಪುಸ್ತಕದಲ್ಲಿ ನಿನ್ನ ಹೆಸರು ಬರುತ್ತೆ ಅಂತ. ಇದೂ ಸುಲಭಕ್ಕೆ ಆಗಿರಲಿಲ್ಲ. ಎಪಿಎ ಪ್ರಕಾರ ಬಾಯಿಮಾತಿನಲ್ಲಿ ತಿಳಿದದ್ದನ್ನು ಬರಹದ ಒಳಗೆ ಹೇಳಬೇಕೇ ಹೊರತು ಕೊನೆಯ ಪಟ್ಟಿಗೆ ಸೇರಿಸುವಂತಿಲ್ಲ. ಎಪ್ಪತ್ತು ಜನರ ಊರು ಕಿತ್ತು ಹಾಕಿ ಮತ್ತೆ ಕೂರಿಸಿದ್ದೇನೆ, ಇಪ್ಪತ್ತಾರು ಪದ ಹೇಳಿದ ಅಜ್ಜಿಗೆ ಒಂದು ಸಾಲು ಇಲ್ಲವಾ ಅಂತ ಗೈಡ್ ಹತ್ತಿರ ಜಗಳಾಡಿದ್ದೆ. "ಅದಕ್ಯಾಕೆ ಅಳ್ತೀಯಾ, ಜಾನಪದದವರು ವಕ್ತೃಗಳ ಪಟ್ಟಿ ಹಾಕ್ತಾರಲ್ಲ, ಅನುಬಂಧದಲ್ಲಿ ಹಾಕು" ಅಂದಿದ್ದರು. ಹಾಕಿದ್ದೆ. ಹೆಸರು, ವಯಸ್ಸು, ಊರು, ಕಸುಬು.

ಜಗಲಿ ಮೇಲೆ ಕೂತು ಓದಿ ಹೇಳಿದೆ. ಹೆಸರಿಗೆ ತಲೆಯಾಡಿಸಿತು. ವಯಸ್ಸು 82 ಅನ್ನುತ್ತಲೇ ಎಲೆಅಡಿಕೆ ಜಗಿಯೋದು ನಿಂತಿತು.

"ಎಂಬತ್ತೆರಡು ಅಂತ ಯಾರ್ಲಾ ಹೇಳಿದ್ದು?"

"ಆಧಾರ್ ಕಾರ್ಡಲ್ಲಿ ಇದೆ ಅಜ್ಜಿ." ಜನವರಿ 1 ಅಂತ ಇತ್ತು. ನಮ್ಮೂರಲ್ಲಿ ಆ ವಯಸ್ಸಿನ ಅರ್ಧ ಜನ ಜನವರಿ 1ರಂದೇ ಹುಟ್ಟಿದ್ದಾರೆ.

"ಅದ್ರಾಗೆ ಬರ್ಸಿದ್ದು ಯಾರು?"

ಒಳಗಿಂದ ಅಪ್ಪ, "ನಾನೇ ಕಣವ್ವ, ರೇಷನ್ ಕಾರ್ಡ್ ನೋಡಿ ಬರ್ಸಿದ್ದು" ಅಂದರು.

"ರೇಷನ್ ಕಾರ್ಡಿಗೆ?"

"ಅಪ್ಪ ಬರ್ಸಿದ್ದು." ಅಂದರೆ ನಮ್ಮ ತಾತ. ಹೋಗಿ ಹದಿನೈದು ವರ್ಷ ಆಯ್ತು.

ಅಜ್ಜಿ ಎದ್ದು ಹೋಗಿ ಬಾಯಲ್ಲಿದ್ದದ್ದನ್ನು ಬೇಲಿಗೆ ಉಗಿದು ಬಂದು ಕೂತಿತು. "ಆವತ್ತು ನಾನು ಹಾಲು ಕರೀತಿದ್ದೆ ಕಣ್ಲಾ. ಎಷ್ಟಮ್ಮಿ ನಿಂಗೆ ವಯಸ್ಸು ಅಂತ ಬಾಗ್ಲಾಗೆ ನಿಂತ್ಕಂಡು ಕೂಗ್ದ ನಿಮ್ ತಾತ. ಹಸ ಒದೀತಿತ್ತು. ಬಾಯಿಗೆ ಬಂದಿದ್ದು ಹೇಳ್ದೆ."

ನಾನು ಪೆನ್ನು ತೆಗೆದು, 82ರ ಪಕ್ಕ ಒಂದು ಸಣ್ಣ ಅಂಕಿ ಹಾಕಿ, ಪುಟದ ಬುಡದಲ್ಲಿ ಜಾಗ ಹುಡುಕಿದೆ.

"ಹಸೀನ ಹೆಸ್ರೂ ಬರ್ಕೋ" ಅಂದಿತು ಅಜ್ಜಿ. "ಗೌರಿ."