ಜರ್ಮನಿಗೆ ಬರುವವರು ಮೊದಲು ಕಲಿಯಬೇಕಾದ ಮಾತು

ಸ್ಟುಟ್‌ಗಾರ್ಟ್‌ಗೆ ಬಂದ ಹೊಸದರಲ್ಲಿ ಒಂದು ದಿನ ಮನೆಯ ಇಂಟರ್ನೆಟ್ ಹೋಯಿತು. ಯಜಮಾನರು ಊರಲ್ಲಿರಲಿಲ್ಲ. ಕಸ್ಟಮರ್ ಕೇರ್‌ಗೆ ನಾನೇ ಫೋನ್ ಮಾಡಿದೆ. ಆ ಕಡೆಯವರು ರೂಟರ್‌ನ ದೀಪದ ಬಗ್ಗೆ ಏನೋ ಕೇಳಿದರು. 'ಲೊಯ್ಶ್ಟೆಟ್' ಅಂದರೆ ಸುಮ್ನೆ ಉರಿಯುತ್ತಿದೆ, 'ಬ್ಲಿಂಕ್ಟ್' ಅಂದರೆ ಮಿಣುಕುತ್ತಿದೆ. ಎರಡರಲ್ಲಿ ಯಾವುದು ಅನ್ನೋದು ಪ್ರಶ್ನೆ. ನಾನು "ಯಾ, ಯಾ" ಅಂದೆ. ದೀಪ ಕಣ್ಣೆದುರೇ ಮಿಣುಕುತ್ತಿತ್ತು, ಹೇಳುವ ಮಾತು ಮಾತ್ರ ಬಾಯಲ್ಲಿರಲಿಲ್ಲ. ಆ ರಾತ್ರಿ ತುಂಬ ಅತ್ತೆ.

ಅದಕ್ಕೇ ಹೇಳ್ತಿದ್ದೇನೆ. ಕಾಫಿ ಕೇಳೋದು, ಹವಾಮಾನ ಮಾತಾಡೋದು ಆಮೇಲೆ ಕಲಿಯಬಹುದು. ಅಂಗಡಿಯಲ್ಲಿ ಬೆರಳು ತೋರಿಸಿದರೂ ಕೆಲಸ ನಡೆಯುತ್ತದೆ, ಫೋನಲ್ಲಿ ನಡೆಯಲ್ಲ. ಇಂಟರ್ನೆಟ್ ಹೋದಾಗ ಹೇಳಬೇಕಾದ ಹತ್ತು ವಾಕ್ಯ ಮೊದಲು ಕಲಿಯಿರಿ. ಮುಖ್ಯವಾಗಿ, ದಿನವಿಡೀ ಮನೆಯಲ್ಲಿರುವ ಹೆಣ್ಣುಮಕ್ಕಳು.

'ಶ್ಟ್ಯೋರುಂಗ್' ಅನ್ನುವ ಒಂದು ಪದ ಬಾಯಿಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಕೆಟ್ಟಿದೆ, ಅಡಚಣೆಯಾಗಿದೆ ಅಂತ ಅರ್ಥ. "ಇಶ್ ಮ್ಯೋಶ್ಟ ಐನ ಶ್ಟ್ಯೋರುಂಗ್ ಮೆಲ್ಡನ್", ಅಂದರೆ ದೂರು ಕೊಡಬೇಕಿತ್ತು. ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ 2021ರ ಡಿಸೆಂಬರ್‌ನಿಂದ ಇಲ್ಲಿ ಕಾನೂನೇ ಇದೆ. ದೂರು ತಲುಪಿ ಎರಡು ದಿನದಲ್ಲಿ ಸರಿಯಾಗದೆ ಲೈನ್ ಪೂರ್ತಿ ಬಂದ್ ಆಗಿದ್ದರೆ ಪರಿಹಾರ ಕೇಳಬಹುದು. ಮೂರನೇ, ನಾಲ್ಕನೇ ದಿನಕ್ಕೆ ತಲಾ 5 ಯೂರೋ ಅಥವಾ ತಿಂಗಳ ಬಿಲ್ಲಿನ ಶೇ. 10, ಐದನೇ ದಿನದಿಂದ ದಿನಕ್ಕೆ 10 ಯೂರೋ ಅಥವಾ ಶೇ. 20. ಯಾವುದು ಜಾಸ್ತಿಯೋ ಅದು. ಲೆಕ್ಕ ಶುರುವಾಗೋದು ದೂರು ಕೊಟ್ಟಲ್ಲಿಂದ. ಮಾತು ಬರಲ್ಲ ಅಂತ ಸುಮ್ಮನಿದ್ದರೆ ನಷ್ಟ ನಮಗೇ ಅಲ್ವಾ?

ಆಮೇಲೆ "ಜೈಟ್ ಗೆಸ್ಟರ್ನ್" ಅನ್ನಿ, ನಿನ್ನೆಯಿಂದ. ರೀಸ್ಟಾರ್ಟ್ ಮಾಡಿದ್ದರೆ ಅವರು ಕೇಳುವ ಮೊದಲೇ "ಶೋನ್ ನೊಯ್ ಗೆಶ್ಟಾರ್ಟೆಟ್" ಅಂತ ಹೇಳಿಬಿಡಿ. ವೈಫೈಗೆ ಇಲ್ಲಿ 'ವೇಲಾನ್' ಅಂತಾರೆ. ಗೋಡೆಯ ಫೋನ್ ಸಾಕೆಟ್ಟು 'ಡೋಸ'. ಅದರಲ್ಲಿ ಸಾಮಾನ್ಯವಾಗಿ ಮೂರು ತೂತು ಇರುತ್ತವೆ, ಡಿಎಸ್‌ಎಲ್ ವೈರು, ಅಂದರೆ ಫೋನ್ ಲೈನಿನಲ್ಲಿ ಬರುವ ಇಂಟರ್ನೆಟ್ಟಿನ ವೈರು, ನಡುವಿನ 'ಎಫ್' ತೂತಿಗೆ ಹೋಗಬೇಕು.

ನಂಬರ್ ಹೇಳುವಾಗ ಮಾತ್ರ ಬಹಳ ಜೋಪಾನ. ನಾವು ನಲವತ್ತೇಳು ಅಂತೀವಿ, ಅವರು 'ಏಳು ಮತ್ತು ನಲವತ್ತು' ಅಂತಾರೆ. ನಾನು 47ನ್ನು 74 ಅಂತ ಬರೆದುಕೊಂಡಿದ್ದೇನೆ. ಗ್ರಾಹಕ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿ. ಅವರು ಬೇಗ ಮಾತಾಡಿದರೆ "ಬಿಟ್ಟ ಲಾಂಗ್‌ಜಾಮರ್" ಅನ್ನಿ, ನಿಧಾನ ಮಾಡ್ತಾರೆ. ಇನ್ನೊಂದು, ಮನೆಯ ಕಾಲಿಂಗ್ ಬೆಲ್ ಮೇಲೆ ನಿಮ್ಮ ಹೆಸರು ಇರಲೇಬೇಕು. ಟೆಕ್ನಿಷಿಯನ್ ಫ್ಲ್ಯಾಟ್ ನಂಬರ್ ಹುಡುಕಲ್ಲ, ಹೆಸರು ಹುಡುಕ್ತಾರೆ.

ಫೋನಿನ ಅನುವಾದ ಆ್ಯಪ್ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ಮನೆಯ ನೆಟ್ಟೇ ಹೋದಾಗ, ಆ ಕಡೆಯವರು ಕಾಯ್ತಾ ಇರುವಾಗ, ಟೈಪ್ ಮಾಡುತ್ತಾ ಕೂರೋಕೆ ಆಗುತ್ತಾ? ಬಾಯಿಪಾಠವೇ ಆಗಬೇಕು, ಜೋರಾಗಿ ಹೇಳಿ ಹೇಳಿ.

ಈ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಕಳೆದ ವಾರ ದಾವಣಗೆರೆಯಿಂದ ಬಂದಿರುವ ಪಕ್ಕದ ಬೀದಿಯ ಹುಡುಗಿ "ಅಕ್ಕಾ, ನೆಟ್ ಇಲ್ಲ, ನೀವೇ ಮಾತಾಡಿ" ಅಂತ ಓಡಿ ಬಂದಳು. ಚೀಟಿ ಕಿತ್ತು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ದೀಪದ ಪ್ರಶ್ನೆ ಬಂತು. ಅವಳು "ಎಸ್ ಬ್ಲಿಂಕ್ಟ್" ಅಂದಳು. ಒಂದೇ ಸಲಕ್ಕೆ, ಗಟ್ಟಿಯಾಗಿ.