ಚೆಂಡು ಹಿಡಿದವಳ ಫಜೀತಿ

ಬಾಗಲಕೋಟೆಯ ನವನಗರದಲ್ಲಿ ಬಿಸಿಲು ಇಳಿಯುವುದನ್ನೇ ಕಾಯುವವರು ಎರಡು ಥರದ ಜನ. ಮಿರ್ಚಿ ಭಜಿ ಗಾಡಿಯವರು ಮತ್ತು ಆಟದ ಹುಡುಗಿಯರು. ನನ್ನ ಅಣ್ಣನ ಮಗಳು ಎರಡನೇ ಗುಂಪಿನವಳು, ಮೊದಲನೇ ಗುಂಪಿನ ಕಾಯಂ ಗಿರಾಕಿ. ನಮ್ಮ ಕಡೆ ಹುಡುಗಿಯರು ಆಡ್ತಾರೆ ಅಂದರೆ ಕಬಡ್ಡಿ, ಖೋ ಖೋ, ಇಲ್ಲಾ ವಾಲಿಬಾಲ್ ಅಂತಲೇ ಲೆಕ್ಕ. ಇವಳು ಹಿಡಿದಿರುವುದು ನೆಟ್‌ಬಾಲ್.

ನೋಡಿದವರು ಬಾಸ್ಕೆಟ್‌ಬಾಲ್ ಅಂದುಕೊಳ್ಳುತ್ತಾರೆ. ಸಂಬಂಧ ಇದೆ, ನಿಜ. 1891ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಆಟವನ್ನು ಇಂಗ್ಲೆಂಡಿನ ಹೆಣ್ಣುಮಕ್ಕಳು ತಮಗೆ ಬೇಕಾದ ಹಾಗೆ ತಿದ್ದಿಕೊಂಡರು. ರಿಂಗು ಅದೇ ಹತ್ತಡಿ ಎತ್ತರದಲ್ಲಿ ಉಳಿಯಿತು, ಹಿಂದಿನ ಹಲಗೆ ಮಾತ್ರ ಹೋಯಿತು. ಗುರಿ ತಪ್ಪಿದರೆ ಹಲಗೆಗೆ ಬಡಿದು ಒಳಗೆ ಬೀಳುವ ಅದೃಷ್ಟ ಇಲ್ಲಿಲ್ಲ. ಚೆಂಡನ್ನು ಪುಟಿಸುತ್ತ ಓಡುವ ಹಾಗೂ ಇಲ್ಲ.

ನನಗೆ ಮಜಾ ಅನಿಸುವುದು ಇಲ್ಲಿಯೇ. ಬೇರೆ ಆಟಗಳಲ್ಲಿ ಚೆಂಡು ಸಿಕ್ಕವನೇ ರಾಜ. ನೆಟ್‌ಬಾಲಿನಲ್ಲಿ ಚೆಂಡು ಸಿಕ್ಕವಳಷ್ಟು ಕೈಕಟ್ಟಿದವಳು ಇನ್ನೊಬ್ಬಳಿಲ್ಲ. ಹಾರಿ ಹಿಡಿದು ಯಾವ ಕಾಲು ಮೊದಲು ಊರಿದಳೋ, ಆ ಕಾಲು ಗೂಟಕ್ಕೆ ಕಟ್ಟಿದ ಎಮ್ಮೆ. ಅದನ್ನು ಎತ್ತಬಹುದು, ಆದರೆ ಮತ್ತೆ ನೆಲಕ್ಕೆ ಇಡುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ಎಲ್ಲಾ ಸೇರಿ ಮೂರು ಸೆಕೆಂಡು. ಮುರುಮಿನ ಮೈದಾನದಲ್ಲಿ ಕಾಲು ಜಾರಿದರೆ ಬೂಟಿನ ತುದಿ ಗೆರೆ ಎಳೆದುಬಿಡುತ್ತದೆ. ಕೋಚ್ ಸೀಟಿ ಊದಿ, ಆ ಗೆರೆಯತ್ತ ಬೆರಳು ತೋರಿಸುತ್ತಾರೆ. ವಾದಕ್ಕೆ ಜಾಗವೇ ಇಲ್ಲ.

ಹಾಗಾಗಿ ಆಟವನ್ನು ಆಡಿಸುವವರು ಚೆಂಡಿಲ್ಲದ ಉಳಿದವರು. ಅತ್ತ ಓಡಿದಂತೆ ಮಾಡಿ ಇತ್ತ ತಿರುಗುತ್ತಾರೆ, ಎದುರಾಳಿಯನ್ನು ಕಳಚಿಕೊಂಡು ಬಂದು ಕೈ ಚಾಚುತ್ತಾರೆ. ಮೈದಾನ ಮೂರು ಭಾಗ, ಒಂದು ಭಾಗವನ್ನು ಪೂರ್ತಿ ದಾಟಿಸಿ ಎಸೆಯುವಂತಿಲ್ಲ. ಟೀಮಿಗೆ ಏಳು ಜನ. ಒಬ್ಬೊಬ್ಬರ ಎದೆಯ ಮೇಲೂ ಅವರವರ ಜಾಗದ ಅಕ್ಷರ, ಒಬ್ಬೊಬ್ಬರಿಗೂ ಒಂದೊಂದು ಸರಹದ್ದು. ಗೋಲ್ ಕೀಪರ್ ತನ್ನ ಮೂರನೇ ಒಂದು ಭಾಗ ಬಿಟ್ಟು ಕದಲುವಂತಿಲ್ಲ. ಸೆಂಟರ್, ಎರಡೂ ರಿಂಗುಗಳ ಮುಂದೆ ಗೆರೆ ಎಳೆದ ಅರ್ಧ ವೃತ್ತ ಬಿಟ್ಟು ಎಲ್ಲೆಡೆ ಸುತ್ತಬಹುದು. ಗೋಲು ಹಾಕುವ ಹಕ್ಕು ಗೋಲ್ ಶೂಟರ್, ಗೋಲ್ ಅಟ್ಯಾಕ್ ಇಬ್ಬರಿಗೆ ಮಾತ್ರ, ಅದೂ ಅರ್ಧ ವೃತ್ತದೊಳಗಿಂದ.

ನಮ್ಮ ಹುಡುಗಿಯದು 'ಜಿಡಿ', ಗೋಲ್ ಡಿಫೆನ್ಸ್. ಅಂದರೆ ಈ ಜಾಗದಲ್ಲಿ ಆಡುವವರೆಗೂ ಗೋಲು ಹಾಕುವ ಯೋಗವೇ ಇಲ್ಲ. ಬೇಜಾರಿಲ್ವಾ ಅಂತ ಕೇಳಿದೆ. "ಹಾಕಾಕ ಬರೂದಿಲ್ಲಂದ್ರ ಏನಾತು ಕಾಕಾ, ಹಾಕಾಕ ಬಿಡಾಂಗಿಲ್ಲ ನಾ!" ಅಂದಳು. ಶೂಟರ್‌ನ ಊರಿದ ಕಾಲಿನಿಂದ ಮೂರಡಿ ದೂರ ನಿಂತು, ತುದಿಗಾಲಲ್ಲಿ ಬಾಗಿ, ಕೈ ಪೂರ್ತಿ ಚಾಚುತ್ತಾಳೆ. ಮುಟ್ಟುವಂತಿಲ್ಲ, ತಳ್ಳುವಂತಿಲ್ಲ. ಒಂದಿಂಚು ಹತ್ತಿರ ಸರಿದರೂ ಶಿಕ್ಷೆ. ಶಿಕ್ಷೆಯೂ ಚೆಂದ: ತಪ್ಪಿದವಳು, ಚೆಂಡು ಎಸೆಯುವವಳ ಪಕ್ಕದಲ್ಲಿ, ಚೆಂಡು ಕೈಬಿಡುವ ತನಕ ಸುಮ್ನೆ ನಿಲ್ಲಬೇಕು. ಮನೆಯಲ್ಲಿ ಇವಳನ್ನು ಹಾಗೆ ನಿಲ್ಲಿಸಿದವರು ಇಲ್ಲಿಯವರೆಗೆ ಯಾರೂ ಇಲ್ಲ.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್ ಬಗ್ಗೆ ಅವಳು ಕೇಳಿದ್ದಾಳೆ. ಹೆಚ್ಚುವರಿ ಸಮಯ ಮುಗಿದರೂ ಸಮ, ಮತ್ತೆ ಆಡಿಸಿ ನ್ಯೂಜಿಲೆಂಡ್ 66-64ರಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿತು. ಇವಳಿಗೆ ಅಂಕಗಳಿಗಿಂತ ಆ ಎರಡು ಕಡೆಯ ಡಿಫೆನ್ಸ್ ಹುಡುಗಿಯರ ಕಾಲಿನ ಚಿಂತೆ.

ಸದ್ಯದ ತಕರಾರು ಬೇರೆ. ಉದ್ದ ಇರುವ ಹುಡುಗಿಯರನ್ನೆಲ್ಲ ವಾಲಿಬಾಲಿನವರು ಎಳೆದುಕೊಂಡು ಹೋಗುತ್ತಾರಂತೆ. ಪಕ್ಕದ ಸೆಕ್ಟರಿನ ಒಬ್ಬಳ ಮೇಲೆ ಈಗ ಇವಳ ಕಣ್ಣು. ಅವಳ ಅವ್ವನನ್ನು ಒಪ್ಪಿಸುವ ಕೆಲಸ ನನಗೆ ಬಿದ್ದಿದೆ.